ಹದಿನಾಲ್ಕನೇ ನಂಬರಿನ ತುಂಗಕ್ಕ

ಹೊಸ ಊರಿಗೆ ಹೋಗುವವರು ಹಿಂದೆಲ್ಲ ಏನು ಮಾಡುತ್ತಿದ್ದರು? ಮನೆಯ ಯಜಮಾನ ಮೊದಲು ಒಬ್ಬನೇ ಹೋಗಿ ಅಲ್ಲಿನ ನೀರು ಕುಡಿದು ನೋಡುತ್ತಿದ್ದ, ಚಹದಂಗಡಿಯ ಬೆಂಚಿನ ಮೇಲೆ ಅರ್ಧ ಗಂಟೆ ಕೂತು ಊರವರ ಮಾತಿಗೆ ಕಿವಿಗೊಡುತ್ತಿದ್ದ, ವಾಪಸು ಬಂದು ಹೆಂಡತಿಗೆ "ಪರವಾಗಿಲ್ಲ, ಜನ ಒಳ್ಳೆಯವರು" ಅನ್ನುತ್ತಿದ್ದ. ಆಮೇಲೆ ಮೊಬೈಲು ಬಂತು. ಬಾಡಿಗೆ ಎಷ್ಟು, ಶಾಲೆ ಎಷ್ಟು ದೂರ, ನಲ್ಲಿಯಲ್ಲಿ ನೀರು ವಾರಕ್ಕೆ ಎಷ್ಟು ದಿನ, ಎಲ್ಲ ಕೂತಲ್ಲೇ ತಿಳಿಯತೊಡಗಿತು. ಆದರೆ ಒಂದು ಸಂಗತಿ ಮಾತ್ರ ಯಾವ ಮೊಬೈಲಿನಲ್ಲೂ ತಿಳಿಯುತ್ತಿರಲಿಲ್ಲ. ದೀಪ ಹಚ್ಚಿದ ಮೇಲೆ ಎದುರುಮನೆಯ ಬಾಗಿಲು ತಟ್ಟಿ "ಒಂದು ಚೂರು ಹೆಪ್ಪು ಕೊಡ್ತೀರಾ, ಹಾಲು ಉಗುರುಬೆಚ್ಚಗಿದೆ" ಅಂದರೆ ಕೊಡುತ್ತಾರೋ, ಮುಖ ಸಿಂಡರಿಸುತ್ತಾರೋ?

ಆ ಕೊರತೆ ತುಂಬಲೆಂದೇ 'ಮುನ್ವಾಸ' ಹುಟ್ಟಿತು. ಊರಿಗೆ ಹೋಗುವ ಮುನ್ನವೇ ಅಲ್ಲಿ ವಾಸ ಮಾಡಿ ನೋಡುವುದು. ಊರಿನ ಪ್ರತಿ ದೀಪದ ಕಂಬಕ್ಕೂ ಒಂದು ಕಣ್ಣು, ಒಂದು ಕಿವಿ, ಒಂದು ಮೂಗು ಕಟ್ಟಿರುತ್ತಿದ್ದರು. ಬಿಸಿಲೆಷ್ಟು, ಧೂಳೆಷ್ಟು, ನಸುಕಿನಲ್ಲಿ ಯಾವ ಬೀದಿಯ ನಾಯಿ ಬೊಗಳುತ್ತದೆ, ಯಾರ ಮನೆಯ ಒಗ್ಗರಣೆ ಮೂರು ಮನೆಯಾಚೆ ಸೀನು ಬರಿಸುತ್ತದೆ, ಎಲ್ಲವೂ ಮೈಸೂರಿನ ಒಂದು ಕಟ್ಟಡದ ಮೂರನೇ ಮಹಡಿಗೆ ಹರಿದುಬಂದು, ಅಲ್ಲಿನ ಯಂತ್ರಗಳೊಳಗೆ ಅದೇ ಊರು ಇನ್ನೊಮ್ಮೆ ಎದ್ದು ನಿಲ್ಲುತ್ತಿತ್ತು. ಒಪ್ಪಿಗೆ ಕೊಟ್ಟ ನಿವಾಸಿಗಳ ದನಿ, ನಡಿಗೆ, ಮಾತಿನ ವರಸೆಯೂ ಅದರೊಳಗಿರುತ್ತಿತ್ತು. ಕನ್ನಡಕ ಹಾಕಿ ಕೈಗೆ ಗವಸು ತೊಟ್ಟರೆ ಆಯಿತು, ಆ ಬೀದಿಯಲ್ಲಿ ನಡೆಯಬಹುದು, ಬಾಗಿಲು ತಟ್ಟಬಹುದು, ಕೊಟ್ಟದ್ದನ್ನು ಕೈಯಲ್ಲಿ ಹಿಡಿದರೆ ಭಾರವೂ ತಿಳಿಯುತ್ತಿತ್ತು. ದಿನಕ್ಕೊಂದು ಗಂಟೆಯಂತೆ ನಲವತ್ತು ದಿನ. ನಲವತ್ತೊಂದನೇ ದಿನ ಹೂಂ ಅನ್ನಬೇಕು, ಇಲ್ಲ ಊಹೂಂ ಅನ್ನಬೇಕು.

ಹೈಮಾವತಿಗೆ ಕೆಲಸ ಆ ಮೂರನೇ ಮಹಡಿಯಲ್ಲಿ. ಅವಳ ಪಾಲಿಗೆ ಬಂದ ಊರು ಮೂಡಲನಗರ. ಗಾಳಿಗಿರಣಿಗಳ ಬಯಲಿನಲ್ಲಿ ಹೊಸದಾಗಿ ಕಟ್ಟಿದ ಊರು. ರಸ್ತೆ ಅಗಲ, ನೀರು ಧಾರಾಳ, ಜನ ಮಾತ್ರ ಇಲ್ಲ. ಹತ್ತು ಮನೆಗೆ ನಾಲ್ಕರಲ್ಲಿ ಒಲೆ ಉರಿದರೆ ಹೆಚ್ಚು. ಮುನ್ವಾಸಕ್ಕೆ ಬಂದವರೆಲ್ಲ ಎರಡನೇ ದಿನಕ್ಕೇ ಕನ್ನಡಕ ಕಳಚಿಟ್ಟು ಹೋಗುತ್ತಿದ್ದರು.

ಅವಳ ಮೇಲಧಿಕಾರಿ ದಿನಮಣಿ ಕೆಟ್ಟವನೇನಲ್ಲ, ಕೆಲಸ ನಡೆಯಬೇಕು ಅನ್ನುವ ಮನುಷ್ಯ. ಹಾಳು ಸುರಿಯುವ ಬೀದಿ ನೋಡಿ ಯಾರು ಗಂಟುಮೂಟೆ ಕಟ್ಟುತ್ತಾರೆ, ಜನ ಬರಲಿ ಅಂತಲೇ ತಾನೆ ನಾವಿರುವುದು ಎಂದು ಅವನು ಮೊದಲು ಖಾಲಿ ಮನೆಗಳಿಗೆ ದೀಪ ಹಾಕಿಸಿದ. ಆಮೇಲೆ ಕಿಟಕಿಯಲ್ಲಿ ನೆರಳು ಓಡಾಡಿಸಿದ. ಆಮೇಲೆ ಬಾಗಿಲು ತೆರೆಯುವ ಜನರನ್ನೇ ಕೂರಿಸಿದ. ಇವರಿಗೆ ಕಚೇರಿಯಲ್ಲಿ 'ತುಂಬು ಜನ' ಅಂತ ಹೆಸರು. ಇವರು ಎರಡು ಮಾತಿಗಿಂತ ಹೆಚ್ಚು ಆಡಬಾರದೆಂಬ ನಿಯಮವಿತ್ತು. ಕೆಲವು ನಿವಾಸಿಗಳು ಕಾಲ್ಪನಿಕವಿರಬಹುದು ಎಂದು ತೆರೆಯ ಕೆಳಗೆ ಇರುವೆಗಾತ್ರದ ಅಕ್ಷರದಲ್ಲಿ ಬರೆದೂ ಇತ್ತು. ಇರುವೆಯನ್ನು ಯಾರು ಓದುತ್ತಾರೆ?

ರಾಣೆಬೆನ್ನೂರಿನ ಮುನ್ವಾಸ ಕೇಂದ್ರದಿಂದ ತಾಯಿ ಮಗಳು ಬರತೊಡಗಿದ್ದು ಶ್ರಾವಣದಲ್ಲಿ. ತಾಯಿ ಕಸ್ತೂರೆವ್ವ ಹೊಲಿಗೆಯವಳು, ಗಂಡ ಇಲ್ಲ, ಹದಿನಾರು ವರ್ಷದಿಂದ ಸ್ವಂತ ಅಂಗಡಿ. ಮಗಳು ಬನಶ್ರೀಗೆ ಹನ್ನೆರಡು. ಈ ಹುಡುಗಿ ಮನೆಯೊಳಗೆ ಅವ್ವನ ಜೊತೆ ಅರಳು ಹುರಿದಂತೆ ಮಾತಾಡುತ್ತಾಳೆ, ಹೊಸ್ತಿಲು ದಾಟಿದರೆ ಬಾಯಿ ಕಟ್ಟುತ್ತದೆ. ಗಂಟಲಲ್ಲಿ ದೋಷವಿಲ್ಲ, ಅದು ಒಂದು ಬಗೆಯ ಅಂಜಿಕೆ ಅಂತ ಡಾಕ್ಟರು ಹೇಳಿದ್ದರು. ಏಳು ವರ್ಷದಿಂದ ಹೊರಗಿನವರ ಮುಂದೆ ಒಂದು ಮಾತಾಡಿಲ್ಲ. ಊರು ಬಿಡಲು ಕಾರಣವೇನು ಎಂಬ ಕಡೆ ಕಸ್ತೂರೆವ್ವ ಬರೆಸಿದ್ದು ಇಷ್ಟು: ಇಲ್ಲಿ ನನ್ನ ಮಗಳನ್ನು ಮೂಕಿ ಅಂತ ಕರೀತಾರೆ, ಆ ಹೆಸರು ಗೊತ್ತಿಲ್ಲದ ಊರು ಬೇಕು.

ಕಸ್ತೂರೆವ್ವಳಿಗೆ ಊರು ಅಳೆಯುವುದಕ್ಕೆ ಅವಳದೇ ಒಂದು ಗಜಕಡ್ಡಿ ಇತ್ತು. ಮುಸ್ಸಂಜೆಯ ಮೇಲೆ ಹಾಲು, ಮೊಸರು, ಹೆಪ್ಪು ಮನೆಯಿಂದ ಹೊರಗೆ ಕೊಡಬಾರದೆಂಬ ಶಾಸ್ತ್ರ ಎಲ್ಲರಿಗೂ ಗೊತ್ತು. ಆ ಶಾಸ್ತ್ರ ಮುರಿದು ಯಾರು ಕೊಡುತ್ತಾರೋ ಅವರ ನೆರೆಯಲ್ಲಿ ಕಣ್ಣು ಮುಚ್ಚಿಕೊಂಡು ಬದುಕಬಹುದು ಅಂತ ಅವಳ ತಾಯಿ ಹೇಳಿಕೊಟ್ಟಿದ್ದಳಂತೆ. ಮೊದಲ ದಿನದಿಂದಲೇ ಮಗಳ ಕೈಗೆ ಬಟ್ಟಲು ಕೊಟ್ಟು, ಮುನ್ವಾಸದಲ್ಲಿ ತಮ್ಮ ಪಾಲಿಗೆ ಬಂದ ಹನ್ನೊಂದನೇ ನಂಬರಿನ ಮನೆಯಿಂದ ಬೀದಿಯಾಚೆಗಿನ ಹದಿನಾಲ್ಕಕ್ಕೆ ಕಳಿಸಿದಳು.

ಹದಿನಾಲ್ಕು ಖಾಲಿ ಮನೆ. ಅಲ್ಲಿದ್ದದ್ದು ತುಂಬು ಜನರಲ್ಲೊಬ್ಬ ಹೆಂಗಸು. ಬಾಗಿಲು ತೆರೆದಳು, ಏನು ಬೇಕಿತ್ತು ಅಂದಳು, ಹತ್ತು ಸೆಕೆಂಡು ಕಾದಳು, ಉತ್ತರ ಬರಲಿಲ್ಲ, ಇನ್ನೊಮ್ಮೆ ಬನ್ನಿ ಅಂತ ಬಾಗಿಲು ಹಾಕಿಕೊಂಡಳು. ನಿಯಮ ಇದ್ದದ್ದೇ ಹಾಗೆ. ಹುಡುಗಿ ಬಟ್ಟಲು ಹಿಡಿದು ಮುಚ್ಚಿದ ಬಾಗಿಲ ಮುಂದೆ ಉಳಿದ ಗಂಟೆಯನ್ನೆಲ್ಲ ನಿಂತೇ ಕಳೆದಳು. ಮರುದಿನವೂ ಹಾಗೇ. ಮೂರನೇ ದಿನ ಬೆಳಿಗ್ಗೆ ಹೈಮಾ ಆ ಎರಡು ದಿನದ ದಾಖಲೆಯನ್ನು ತೆರೆಯ ಮೇಲೆ ನೋಡಿದಳು.

ಊಟದ ಬಿಡುವಿನಲ್ಲಿ ಅವಳು ಆ ಹೆಂಗಸನ್ನು ಹೊಸದಾಗಿ ಕಟ್ಟಿದಳು. ತುಂಗಕ್ಕ ಅಂತ ಹೆಸರಿಟ್ಟಳು. ತನ್ನ ಅಜ್ಜಿಯ ಗತ್ತು ಕೊಟ್ಟಳು. ಪ್ರಶ್ನೆ ಕೇಳಬಾರದು, ತನ್ನ ಪಾಡಿಗೆ ತನ್ನ ಎಮ್ಮೆಯ ಕಥೆ ಹೇಳುತ್ತಿರಬೇಕು, ನಡುನಡುವೆ ಸುಮ್ಮನಾಗಬೇಕು, ಆ ಮೌನ ಎಷ್ಟು ಉದ್ದವಾದರೂ ಅವಸರಪಡಬಾರದು. ಕಾಯುವ ಸಮಯವನ್ನು ಹತ್ತು ಸೆಕೆಂಡಿನಿಂದ ನಾಲ್ಕು ನಿಮಿಷಕ್ಕೆ ಎಳೆದಳು. ಎರಡು ಮಾತಿನ ನಿಯಮವನ್ನು ತೆಗೆದೇ ಹಾಕಿದಳು. ಕರುಣೆಯಿಂದ ಮಾಡುವ ತಪ್ಪಿಗೆ ಕೈ ನಡುಗುವುದಿಲ್ಲ ನೋಡಿ.

ಆ ಸಂಜೆ ಬಟ್ಟಲು ಮುಂದೆ ಬಂದಾಗ ತುಂಗಕ್ಕ ಹೆಪ್ಪು ಹಾಕಿಕೊಟ್ಟಳು. "ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು ಅಂತಾರೆ. ಕೊಟ್ರೆ ಏನಾಗ್ತದೆ? ನಾಳೆ ಮೊಸರಾಗ್ತದೆ, ಅಷ್ಟೇ." ರಾಣೆಬೆನ್ನೂರಿನಲ್ಲಿ ಕನ್ನಡಕದ ಹಿಂದೆ ಕಸ್ತೂರೆವ್ವನ ಕಣ್ಣು ತುಂಬಿತ್ತು.

ಹೈಮಾಳ ಮನೆಯಲ್ಲೂ ಒಂದು ಹೆಣ್ಣುಮಗುವಿತ್ತು. ಮೃದುಲಾಗೆ ಏಳು ವರ್ಷ. ಗಂಡ ಶೇಷಾದ್ರಿ ಆಸ್ಪತ್ರೆಯ ಲ್ಯಾಬಿನಲ್ಲಿ ರಾತ್ರಿಪಾಳಿಯವನು. ಅವನು ಬಂದು ಚಪ್ಪಲಿ ಬಿಡುವ ಹೊತ್ತಿಗೆ ಇವಳು ಚಪ್ಪಲಿ ಮೆಟ್ಟುತ್ತಿದ್ದಳು. ಬೆಳಗಿನ ಆ ಒಂದು ಗಂಟೆಯಲ್ಲಿ ಜಡೆ, ಡಬ್ಬಿ, ಕಾಣೆಯಾದ ಕಾಲುಚೀಲ. ಒಂದು ದಿನ ಮಗು ಕನ್ನಡಿಯ ಮುಂದೆ ನಿಂತು, ತನ್ನ ಹಲ್ಲು ಅಲುಗಾಡುತ್ತಿರುವ ವಿಷಯವನ್ನು ನಿನ್ನೆ ಶಾಲೆಯಲ್ಲಿ ನಡೆದ ಇನ್ನೊಂದಕ್ಕೆ ಗಂಟುಹಾಕಿ, ಅಲ್ಲಿಂದ ಯಾವುದೋ ಬೆಕ್ಕಿಗೆ ಹೋಗಿ, ಕಥೆ ಬೆಳೆಸುತ್ತಿತ್ತು.

"ಬೇಗ ಹೇಳು ಕಣೆ, ವ್ಯಾನ್ ಬಂತು," ಅಂದಳು ಹೈಮಾ, ಬಾಯಲ್ಲಿ ರಬ್ಬರ್ ಬ್ಯಾಂಡ್ ಕಚ್ಚಿಕೊಂಡು.

"ಬೇಗ ಹೇಳಿದ್ರೆ ಅದು ಬೇರೆ ಕಥೆ ಆಗತ್ತೆ," ಎಂದು ಮಗು ಅರ್ಧಕ್ಕೇ ನಿಲ್ಲಿಸಿ ಹೊರಟುಹೋಯಿತು.

ಬಸ್ಸಿನಲ್ಲಿ ಕೂತಾಗ ಹೈಮಾಳಿಗೆ ಲೆಕ್ಕ ಹೊಳೆಯಿತು. ಇಲ್ಲದ ಹೆಂಗಸಿಗೆ ನಾಲ್ಕು ನಿಮಿಷದ ತಾಳ್ಮೆ ಕೊಟ್ಟವಳು ಇರುವ ಮಗಳಿಗೆ ಅರೆನಿಮಿಷ ಕೊಡಲಿಲ್ಲ. ಸಂಜೆ ಹೋಗಿ ಬೆಕ್ಕಿನ ಕಥೆ ಕೇಳಬೇಕು ಅಂದುಕೊಂಡಳು. ಸಂಜೆಗೆ ಮರೆತಳು.

ಹದಿನೆಂಟನೇ ದಿನ ಬನಶ್ರೀ ಮಾತಾಡಿದಳು. ತುಂಗಕ್ಕ ಎಮ್ಮೆಯ ವಿಷಯ ಹೇಳಿ ಎಂದಿನಂತೆ ಸುಮ್ಮನಾಗಿದ್ದಳು. ತೆರೆಯ ಮೇಲೆ ಮೂರು ನಿಮಿಷ ಹತ್ತು ಸೆಕೆಂಡು ಬರೀ ಗಾಳಿಯ ಸದ್ದು. ಆಮೇಲೆ ಒಂದು ಸಣ್ಣ, ತುಕ್ಕು ಹಿಡಿದ ದನಿ: "ಎಮ್ಮಿ ಹೆಸರೇನು?"

ಹೈಮಾ ಕಿವಿಯ ಹೆಡ್‌ಫೋನು ತೆಗೆದಿಟ್ಟು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡಳು. ದಿನಮಣಿ ಅರ್ಧ ಲಾಡು ತಂದು ಅವಳ ಮೇಜಿನ ಮೇಲಿಟ್ಟು, ಡಾಕ್ಟರುಗಳ ಕೈಲಿ ಆಗದ್ದನ್ನು ಮೂರನೇ ಮಹಡಿ ಮಾಡಿತು ಅಂತ ಎಲ್ಲರಿಗೂ ಕೇಳುವಂತೆ ಹೇಳಿದ. ಮೂವತ್ತನೇ ದಿನದ ಹೊತ್ತಿಗೆ ಹುಡುಗಿ ತುಂಗಕ್ಕನ ಜಗಲಿಯಲ್ಲಿ ಕೂತು ಶಾಲೆ, ಅಂಗಡಿ, ತನ್ನನ್ನು ಮೂಕಿ ಅಂದವರ ಹೆಸರು, ಎಲ್ಲ ಒಂದೊಂದಾಗಿ ಹೇಳುತ್ತಿದ್ದಳು.

ನಲವತ್ತೊಂದನೇ ದಿನ ಕಸ್ತೂರೆವ್ವ ಹೂಂ ಅಂದಳು. ಕಾರಣ ಕೇಳಿದ್ದಕ್ಕೆ ಅವಳ ದನಿಯಲ್ಲೇ ದಾಖಲಾದ ಮಾತು ಹೈಮಾಳ ಮುಂದೆ ಬಂತು. "ನೀರು, ರಸ್ತಾ ಎಲ್ಲಾ ಊರಾಗೂ ಇರತಾವ್ರಿ. ನಾವು ಹೊಂಟಿದ್ದು ತುಂಗಕ್ಕನ ಸಲುವಾಗಿ. ನನ್ನ ಕೂಸು ಆಕಿ ಮುಂದ ಬಾಯಿ ಬಿಟ್ಟೈತಿ."

ಒಪ್ಪಿಗೆ ಹಿಂತೆಗೆಯಲು ಐದು ದಿನದ ಗಡುವಿತ್ತು. ಐದೂ ದಿನ ಹೈಮಾ ಫೋನು ಕೈಗೆತ್ತಿಕೊಂಡು ಕೆಳಗಿಟ್ಟಳು. ಮೊದಲ ದಿನ, ಹೇಳಿದರೆ ಹುಡುಗಿ ಮತ್ತೆ ಮುಚ್ಚಿಕೊಂಡುಬಿಟ್ಟರೆ ಅನ್ನಿಸಿತು. ಎರಡನೇ ದಿನ, ಒಮ್ಮೆ ತೆರೆದ ಬಾಯಿ ಯಾರ ಮುಂದಾದರೂ ತೆರೆದೀತು ಅನ್ನಿಸಿತು. ಮೂರನೇ ದಿನ ಮೃದುಲಾಗೆ ಜ್ವರ. ನಾಲ್ಕನೇ ದಿನ, ತನ್ನ ಕೆಲಸ ಹೋದರೆ ಎಂಬ ಯೋಚನೆ ಬಂತು, ಅದು ಮೊದಲ ದಿನದಿಂದಲೂ ಇತ್ತೆಂಬುದೂ ಗೊತ್ತಾಯಿತು. ಐದನೇ ದಿನ ಅವಳು ಗಡಿಯಾರ ನೋಡುತ್ತ ಕೂತಳು. ಗಡುವು ಮುಗಿದಾಗ ಎದೆಯಲ್ಲಿ ಏನೋ ಹಗುರಾಯಿತಲ್ಲ, ಆ ಹಗುರವನ್ನು ಅವಳು ಮುಂದೆ ಎಂದೂ ತನಗೆ ಕ್ಷಮಿಸಿಕೊಳ್ಳಲಿಲ್ಲ. ಕಸ್ತೂರೆವ್ವ ಅಂಗಡಿ ಮುಚ್ಚಿ, ಎರಡು ಹೊಲಿಗೆ ಮಷೀನು ಮಾರಿ, ಒಂದನ್ನು ಲಾರಿಗೆ ಹಾಕಿಕೊಂಡು ಹೊರಟಳು.

ಅವರು ಮೂಡಲನಗರ ಸೇರಿ ಹದಿನೈದು ದಿನವಾದ ಮೇಲೆ ಕಚೇರಿಗೆ ಸಂದೇಶ ಬಂತು. ಹದಿನಾಲ್ಕನೇ ನಂಬರಿಗೆ ಬೀಗ ಹಾಕಿದೆ, ಬಾಗಿಲಿಗೆ ಜೇಡ ಬಲೆ ಕಟ್ಟಿದೆ, ತುಂಗಕ್ಕ ಎಲ್ಲಿ ಹೋಗಿದ್ದಾರೆ, ನಮ್ಮಾಕಿ ದಿನಾ ಸಂಜೀಕ ಅವರ ಕಟ್ಟಿ ಮ್ಯಾಲೆ ಹೋಗಿ ಕುಂದರತಾಳ.

ದಿನಮಣಿ ಓದಿ ಗಲ್ಲ ಕೆರೆದುಕೊಂಡ. "ಊರಲ್ಲಿಲ್ಲ ಅಂತ ಬರಿ. ಇಲ್ಲದವರನ್ನ ಊರಲ್ಲಿಲ್ಲ ಅನ್ನೋದು ಸುಳ್ಳು ಹೇಗಾಗ್ತದೆ?"

ಹೈಮಾ ಬರೆದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಇರಲಿ ಅನ್ನಬಹುದಿತ್ತು. ಒಣ ಉತ್ತರ ನೋಡಿ ಆ ಹೆಂಗಸಿಗೆ ನೋವಾದೀತೆಂದು, ಮಗಳ ಬಾಣಂತನಕ್ಕೆ ಹೋಗಿದ್ದಾರೆ ಎಂದೂ ಸೇರಿಸಿದಳು. ಮರುದಿನ ಕಸ್ತೂರೆವ್ವನ ಉತ್ತರ ಬಂತು. ಗಂಡೋ ಹೆಣ್ಣೋ, ಬಾಣಂತಿ ಆರಾಮ ಅದಾಳೋ, ಕೂಸಿಗೆ ಕುಂಚಿಗೆ ಹೊಲಿಯಾಕತ್ತೀನಿ, ವಿಳಾಸ ಕಳಿಸ್ರಿ. ಜೊತೆಗೊಂದು ಚಿತ್ರ. ಕೂಸಿನ ತಲೆ ಬೆನ್ನು ಮುಚ್ಚುವ ಹಸಿರು ಖಣದ ಕುಂಚಿಗೆ, ಅಂಚಿಗೆ ಕೆಂಪು ದಾರದ ಕಸೂತಿ, ಅರ್ಧ ಮುಗಿದಿತ್ತು.

ಆ ಕುಂಚಿಗೆ ಹೈಮಾಳನ್ನು ಮೂರು ದಿನ ಉಣ್ಣಗೊಡಲಿಲ್ಲ. ಇಲ್ಲದ ಹೆಂಗಸಿನ ಇಲ್ಲದ ಮಗಳ ಇಲ್ಲದ ಕೂಸಿಗೆ, ಇರುವ ಒಬ್ಬಳು ಇರುವ ಕಣ್ಣು ಸವೆಸಿ ಸೂಜಿ ಆಡಿಸುತ್ತಿದ್ದಾಳೆ. ಶೇಷಾದ್ರಿ ಏನಾಗಿದೆ ನಿನಗೆ ಅಂತ ಕೇಳಿದ. ಅವಳು ಹೇಳಿದಳು. ಅವನು, ಲ್ಯಾಬಿನಲ್ಲಿ ತಪ್ಪು ರಿಪೋರ್ಟು ಹೋದರೆ ನಾವು ಫೋನು ಮಾಡುವುದಿಲ್ಲ, ಕೈಯಲ್ಲಿ ಹಿಡಿದುಕೊಂಡು ಹೋಗುತ್ತೇವೆ ಅಂದ.

ಭಾನುವಾರ ಅವಳು ಮೂಡಲನಗರಕ್ಕೆ ಹೊರಟಳು. ನಡೆದದ್ದನ್ನೆಲ್ಲ ಬರೆದು, ಕೆಳಗೆ ಸಹಿ ಹಾಕಿದ ಕಾಗದ ಚೀಲದಲ್ಲಿತ್ತು. ಅದನ್ನು ಕಸ್ತೂರೆವ್ವ ಯಾರಿಗೆ ಬೇಕಾದರೂ ತೋರಿಸಿ ಪರಿಹಾರ ಕೇಳಬಹುದು. ತೋರಿಸಿದ ದಿನ ಹೈಮಾಳ ಕೆಲಸ ಹೋಗುವುದೂ ಖಂಡಿತ.

ತಾನೇ ನಾಲ್ಕು ವರ್ಷ ತೆರೆಯ ಮೇಲೆ ಕಾದ ಬೀದಿಯಲ್ಲಿ ಅವಳು ಮೊದಲ ಸಲ ಕಾಲಿಟ್ಟಳು. ಮಟಮಟ ಮಧ್ಯಾಹ್ನ. ಗಾಳಿ ಖಾಲಿ ಮನೆಗಳ ಗೇಟುಗಳನ್ನು ಅಲುಗಾಡಿಸುತ್ತಿತ್ತು. ಹದಿನಾಲ್ಕನೇ ನಂಬರಿನ ಕಟ್ಟೆಯ ಮೇಲೆ ಒಬ್ಬ ಹುಡುಗಿ ಮೊಣಕಾಲು ತಬ್ಬಿ ಕೂತಿದ್ದಳು. ಇವಳನ್ನು ಕಂಡವಳೇ ಮುಖ ತಿರುಗಿಸಿದಳು. ತೆರೆಯ ಮೇಲೆ ನಲವತ್ತು ದಿನ ನೋಡಿದ ಮುಖ. ಅವಳಿಗೆ ಮಾತ್ರ ಇವಳು ಯಾರೋ.

ಕಸ್ತೂರೆವ್ವ ಕಂಪನಿಯ ಬಾಯಾರು, ಅಂದರೆ ಅಮ್ಮಾವ್ರು, ಮನೆತನಕ ಬಂದರೆಂದು ಚಾಪೆ ಹಾಸಿ, ನೀರು ಕೊಟ್ಟು, ಒಗ್ಗರಣೆ ಮಂಡಕ್ಕಿ ತಟ್ಟೆ ಮುಂದಿಟ್ಟಳು. ಮೂಲೆಯಲ್ಲಿ ಒಂದೇ ಮಷೀನು, ಅದರ ಮೇಲೆ ಮಡಚಿಟ್ಟ ಹಸಿರು ಕುಂಚಿಗೆ. ಗಿರಾಕಿಗಳು ಬರುತ್ತಾರಾ ಅಂತ ಹೈಮಾ ಕೇಳಿದಳು. ಬರಾಕ ಜನ ಬೇಕಲ್ಲರಿ ಎಂದು ಕಸ್ತೂರೆವ್ವ ನಕ್ಕಳು.

ಹೈಮಾ ತಟ್ಟೆ ಮುಟ್ಟದೆ ಎಲ್ಲವನ್ನೂ ಹೇಳಿದಳು. ದೀಪ, ನೆರಳು, ತುಂಬು ಜನ, ಅಜ್ಜಿಯ ಗತ್ತು, ಆ ಐದು ದಿನ, ಬಾಣಂತನ. ಹೇಳಿ ಮುಗಿಸಿ ಕಾಗದವನ್ನು ಚಾಪೆಯ ಮೇಲಿಟ್ಟಳು.

ಕಸ್ತೂರೆವ್ವ ಅದನ್ನು ನೋಡಲಿಲ್ಲ. ಕಿಟಕಿಯಿಂದ ಎದುರಿನ ಕಟ್ಟೆಯ ಕಡೆ ನೋಡಿದಳು. ಬಯ್ಯುತ್ತಾಳೆ ಅಂತ ಹೈಮಾ ಕಾದಳು. ಬಯ್ದರೆ ಸಾಕು ಅಂತಲೂ ಕಾದಳು.

"ಆಕಿಗೆ ಮಾತ್ರ ಇದನ್ನ ಹೇಳಬ್ಯಾಡ್ರಿ," ಅಂದಳು ಕಸ್ತೂರೆವ್ವ, ಪಿಸುದನಿಯಲ್ಲಿ. "ತುಂಗಕ್ಕ ತೀರಿಕೊಂಡ್ಲು ಅಂತ ಹೇಳೂಣು. ಸತ್ಲು ಅಂದ್ರ ಅತ್ತು ಸುಧಾರಿಸ್ಕೋತಾಳ. ಇರಲೇ ಇಲ್ಲ ಅಂದ್ರ ಹೆಂಗ ಸುಧಾರಿಸ್ಕೋಬೇಕ್ರಿ ಅದು? ನೀವು ಕಂಪನಿಯವರು. ನಿಮ್ಮ ಬಾಯಾಗ ಬಂದ್ರ ನಂಬತಾಳ."

ತಪ್ಪೊಪ್ಪಿಕೊಂಡು ಹಗುರಾಗಲು ಬಂದವಳ ಕೈಗೆ ಇನ್ನೊಂದು ಸುಳ್ಳು ಬಂದು ಕೂತಿತು. ಒಲ್ಲೆ ಅನ್ನಲು ಅವಳಿಗೆ ಯಾವ ಮುಖ? ಹೂಂ ಅನ್ನಲು ಯಾವ ಮುಖ? ಅಷ್ಟರಲ್ಲಿ ಬನಶ್ರೀ ಒಳಗೆ ಬಂದು ಬಾಗಿಲ ಪಕ್ಕ ನಿಂತಳು. ಕಸ್ತೂರೆವ್ವ ಸೆರಗಿನಿಂದ ಮೂಗೊರಸಿ, ಈ ಬಾಯಾರು ತುಂಗಕ್ಕನ ಸುದ್ದಿ ತಂದಾರ ಅಂತ ಶುರುಮಾಡಿ, ಮುಂದುವರಿಸಿ ಅನ್ನುವಂತೆ ಹೈಮಾಳ ಕಡೆ ನೋಡಿದಳು.

"ನೋಡಮ್ಮ ಬನಶ್ರೀ," ಅಂದಳು ಹೈಮಾ. ತೀರಿಕೊಂಡರು ಅನ್ನಲೂ ಆಗಲಿಲ್ಲ, ಇರಲಿಲ್ಲ ಅನ್ನಲೂ ಆಗಲಿಲ್ಲ. ಹುಡುಗಿಯ ಮುಖವನ್ನೇ ನೋಡುತ್ತ ಉಳಿದಳು.

"ಆಕಿ ಇರಲೇ ಇಲ್ಲಲ್ಲ," ಅಂದಳು ಹುಡುಗಿ.

ಕಸ್ತೂರೆವ್ವ ತಟಕ್ಕನೆ ತಿರುಗಿದಳು. ಮಗಳು ಮಾತಾಡಿದ್ದು ತನ್ನ ಕಡೆ ನೋಡಿ ಅಲ್ಲ.

"ನಂಗ ಮೊದಲಿಂದ ಗೊತ್ತಿತ್ತು," ಅಂದಳು ಬನಶ್ರೀ. ಎರಡು ಪದ, ಒಂದು ಉಸಿರು, ಮತ್ತೆ ಎರಡು ಪದ. "ನಾ ಮಾತಾಡಲಿ ಅಂತ ಕಾಯೋರು ಎಲ್ಲಾರೂ ನನ್ನ ಬಾಯಿ ನೋಡತಾರ. ಆಕಿ ಒಂದು ದಿನಾನೂ ನೋಡಲಿಲ್ಲ. ಖರೇ ಮಂದಿ ಹಂಗ ಇರಂಗಿಲ್ಲ. ಯಾರೂ ಇಲ್ಲ ಅಂತ ಗೊತ್ತಾತು. ಅದಕ್ಕ ಮಾತಾಡಿದೆ."

ನಾಲ್ಕು ನಿಮಿಷದ ತಾಳ್ಮೆ, ಅಜ್ಜಿಯ ಗತ್ತು, ಅರ್ಧ ಲಾಡು, ಎಲ್ಲ ಹೈಮಾಳ ಕಣ್ಣ ಮುಂದೆ ಹಾದುಹೋದವು. ತಾನು ಒಬ್ಬ ಒಳ್ಳೆಯ ನೆರೆಯವಳನ್ನು ಕಟ್ಟಿದೆ ಅಂದುಕೊಂಡಿದ್ದಳು. ಹುಡುಗಿಗೆ ಬೇಕಾಗಿದ್ದದ್ದು ಖಾಲಿ ಮನೆ.

"ಕಟ್ಟಿ ಮ್ಯಾಲೆ ಕುಂದರೂದೂ ಅಲ್ಲಿ ಯಾರೂ ಇಲ್ಲ ಅಂತನೇನು?" ಕಸ್ತೂರೆವ್ವ ಕೇಳಿದಳು. ಹುಡುಗಿ ಹೌದೆಂದು ತಲೆಯಾಡಿಸಿದಳು.

"ಮೊದಲು ನನಗರ ಹೇಳಬಾರದಿತ್ತೇನಬೇ?"

"ನೀ ಭಾಳ ಖುಷಿಯಾಗಿದ್ದಿ," ಅಂದಳು ಬನಶ್ರೀ. "ಅಂಗಡಿ ಮುಚ್ಚೂ ಮುಂದ ಹೇಳಬೇಕಂತ ಮಾಡಿದ್ದೆ. ದಿನಾ ಮಾಡಿದ್ದೆ. ಆಗಲಿಲ್ಲ."

ಆ ಮಾತು ಹೈಮಾಳಿಗೆ ಚುಚ್ಚಿದಷ್ಟು ಬೇರಾವುದೂ ಚುಚ್ಚಲಿಲ್ಲ. ತಾನು ಮೈಸೂರಿನಲ್ಲಿ ಫೋನು ಎತ್ತಿ ಇಳಿಸಿದ ಆ ಐದು ದಿನ, ರಾಣೆಬೆನ್ನೂರಿನಲ್ಲಿ ಹನ್ನೆರಡು ವರ್ಷದ ಈ ಮಗುವೂ ಅದೇ ಕಳ್ಳಮೌನವನ್ನು ಹೊತ್ತು ತಿರುಗಿದೆ. ತನ್ನ ತಪ್ಪಿನ ಒಂದು ಪಾಲನ್ನು ತಾನೇ ಆ ಕೂಸಿನ ಹೆಗಲಿಗೂ ಹೊರಿಸಿದ್ದಾಳೆ. ಹುಡುಗಿಗೆ ಏನಾದರೂ ಹೇಳಬೇಕೆಂದು ಹೈಮಾ ತಲೆಯೆತ್ತಿದಳು.

"ನೀವೂ ನನ್ನ ಬಾಯಿನೇ ನೋಡಾಕತ್ತೀರಿ," ಅಂದಳು ಹುಡುಗಿ.

ಹೈಮಾ ಕಣ್ಣು ಕೆಳಗಿಳಿಸಿದಳು. ಚಾಪೆಯ ಹೆಣಿಗೆ, ಮಂಡಕ್ಕಿ ತಟ್ಟೆ, ತನ್ನ ಸಹಿಯ ಕಾಗದ. ಹುಡುಗಿ ನಿಲ್ಲಿಸಲಿಲ್ಲ. ನೀವು ನಮ್ಮವ್ವಗ ಸುಳ್ಳು ಬರದ್ರಿ. ಆಕಿ ಕುಂಚಿಗಿ ಹೊಲದ್ಲು, ನಂಗ ಬ್ಯಾಡ ಅನ್ನಾಕ ಆಗಲಿಲ್ಲ. ಇಲ್ಲಿ ಸಾಲಿಗೆ ಹೋದ ಮೂರನೇ ದಿನಕ್ಕ ಇಲ್ಲೂ ಮೂಕಿ ಅಂದ್ರು. ಒಂದೊಂದೇ ಮಾತು, ದೊಡ್ಡ ಕಲ್ಲು ಎತ್ತಿ ಎತ್ತಿ ಮುಂದಿಡುವವರ ಹಾಗೆ. ಕಸ್ತೂರೆವ್ವ ಮಷೀನು ಹಿಡಿದು ನಿಂತಿದ್ದಳು. ಏಳು ವರ್ಷದ ಮೇಲೆ ಮಗಳು ಹೊರಗಿನ ಜೀವವೊಂದರ ಮುಂದೆ ಬಾಯಿ ಬಿಟ್ಟಿದ್ದಾಳೆ, ಬಿಟ್ಟದ್ದು ಮನೆಗೆ ಬಂದವರನ್ನು ಬಯ್ಯುವುದಕ್ಕೆ. ತಡೆಯಬೇಕೋ ಬಿಡಬೇಕೋ ಅವಳಿಗೆ ತಿಳಿಯಲಿಲ್ಲ.

ತಪ್ಪಾಯಿತು ಎಂಬ ಮಾತು ಹೈಮಾಳ ನಾಲಿಗೆಯ ತುದಿಯಲ್ಲಿ ಬಂದು ಕೂತಿತ್ತು. ಆಡಿದರೆ ತನ್ನ ಎದೆ ಹಗುರ, ಆದರೆ ಹುಡುಗಿಯ ಮಾತು ಅಲ್ಲಿಗೆ ಕಡಿಯುತ್ತದೆ. ಅವಳು ಅದನ್ನು ನುಂಗಿಕೊಂಡು, ಬಸ್ಸಿನ ಹೊತ್ತು ಮೀರುವವರೆಗೂ ಚಾಪೆ ನೋಡುತ್ತ ಬಯ್ಯಿಸಿಕೊಂಡಳು.